ಹದಿನೇಳನೆಯ ಕುಪ್ಪಿ

ಸೊಪ್ಪು ಬರುವುದು ಬೆಳಗಿನ ಆರೂವರೆಗೆ
ಕಿಸುಮುವಿನ ಸಂತೆಯಿಂದ, ಮೋಟಾರುಬೈಕಿನ ಬೆನ್ನಿಗೆ ಕಟ್ಟಿಸಿಕೊಂಡು.
ಗೋಣಿ ಬಿಚ್ಚಿದರೆ ಒಳಗೆ ಬೆಚ್ಚಗೆ,
ಯಾರೋ ಈಗಷ್ಟೆ ಎದ್ದುಹೋದ ಹಾಸಿಗೆಯ ಹಾಗೆ.

ಒಸುಗ ಅನ್ನುತ್ತೇವೆ ನಾವು. ಗಣಿಕೆಯ ದಾಯಾದಿ;
ಎಲೆ ಅಗಲ, ಕಹಿ ಮಾತ್ರ ಅದೇ ಮನೆತನದ್ದು.
ತೊಳೆದು, ನೆರಳಲ್ಲಿ ಹರವಿ, ಐದು ದಿನ ಒಣಗಿಸಿ,
ಪುಡಿ ಮಾಡಿ, ಜರಡಿ ಹಿಡಿದು
ಚೀಟಿ ಅಂಟಿಸುವುದು ನನ್ನ ಕೆಲಸ.
ಲೆಕ್ಕ ಡಾಕ್ಟರ್ ಒಕೆಯೋ ಅವರದು.

ಅವರ ಪ್ರಶ್ನೆ ಮೂರು: ಎಷ್ಟು ವ್ಯಾಟು, ಎಷ್ಟು ನಿಮಿಷ,
ನೀರಿಗೆ ಎಷ್ಟು ಪಾಲು ಆಲ್ಕೋಹಾಲು.
ಮೂರನ್ನೂ ಹೆಣೆದು ಹದಿನೇಳು ಕುಪ್ಪಿ.
ಅದರಲ್ಲಿ ಐದು ಒಂದೇ ಥರ, ನಟ್ಟನಡುವಿನ ಹದ.
ಯಾಕೆಂದರೆ, ನಮ್ಮ ಕೈ ನಡುಗುತ್ತದೋ ಇಲ್ಲವೋ
ನೋಡಬೇಕಲ್ಲ ಅವಿನೊ, ಅನ್ನುತ್ತಾರೆ.

ಒಲೆಯ ಬೆಂಕಿ ಹೊರಗಿಂದ ಕದ ತಟ್ಟುತ್ತದೆ.
ಇದು ಹಾಗಲ್ಲ. ಒಣಗಿತು ಅಂದುಕೊಂಡ ಎಲೆಯಲ್ಲೂ
ಅಡಗಿ ಕೂತ ನೀರನ್ನು ಹೆಸರು ಹಿಡಿದು ಕೂಗುತ್ತದೆ.
ಅದು ಎದ್ದು, ಕುದಿದು, ಗೋಡೆ ಒಡೆದುಕೊಂಡು
ಮನೆಯ ಒಡವೆ ಸಮೇತ ಬೀದಿಗೆ ಬರುತ್ತದೆ.
ಒಂದು ನಿಮಿಷಕ್ಕೆ ನಿದ್ದೆಗಣ್ಣು. ಮೂರಕ್ಕೆ ಕಡುಹಸಿರು.
ಐದಕ್ಕೆ ಸೀದ ವಾಸನೆ; ಆಚೆ ಬಂದದ್ದೂ ಸತ್ತಿರುತ್ತದೆ.

ಆಮೇಲೆ ಹನಿ ಔಷಧ ಬಿಟ್ಟರೆ ನೀಲಿ.
ನೀಲಿ ಎಷ್ಟು ಗಾಢವೋ ಸತ್ವ ಅಷ್ಟು.
ಯಂತ್ರ ಅಂಕಿ ಕೊಡುವ ಮೊದಲೇ ಕಣ್ಣಲ್ಲಿ ಓದಿಬಿಡುತ್ತೇನೆ.
ಇದನ್ನು ಒಕೆಯೋ ಅವರಿಗೆ ಹೇಳಿಲ್ಲ.

ಗುರುವಾರ ಸಂಜೆ ಓಬುರನ ತಾಯಿ ತಾನೇ ಬಂದಳು,
ಮೂರು ವಾರದ ಬಾಕಿ ಕೇಳಲು.
(ಅದೇ ಅವಳ ಹೆಸರು. ಹುಟ್ಟಿದ ಹೆಸರು ಸಂತೆಗೆ ಗೊತ್ತಿಲ್ಲ.)
ಬೇಡವೆಂದರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು.
"ಇದರಲ್ಲಾ ನೀವು ಬೇಯಿಸುವುದು?"
ಬೇಯಿಸುವುದಲ್ಲ ಅಮ್ಮಾ, ಒಳಗಿನದನ್ನು ಇಳಿಸಿಕೊಳ್ಳುವುದು.
"ಒಳಗೇನಿದೆ?"
ಹೇಳಿದೆ. ಬೇಯಿಸಿದರೆ ಮೊದಲ ನೀರಿಗೆ ಇಳಿಯುವಂಥದ್ದು.
"ಆ ನೀರು ಚೆಲ್ಲುತ್ತೇವಲ್ಲ."
ಹೌದು, ಚೆಲ್ಲುತ್ತೇವೆ.
ಬೆರಳು ಮಡಿಸಿ ಏನೋ ಎಣಿಸಿದಳು,
ಅತ್ತೆ, ಅತ್ತೆಯ ಅತ್ತೆ, ಅಷ್ಟೊಂದು ಮಡಕೆ,
ಆಮೇಲೆ ಹಲ್ಲಿಲ್ಲದ ಕಡೆಯಿಂದ ನಕ್ಕಳು:
"ಅದಕ್ಕೇ ನಮ್ಮ ಹಿತ್ತಲ ಬಾಳೆಗೆ
ಒಂದು ದಿನವೂ ಜ್ವರ ಬರಲಿಲ್ಲ!"

ಅವಳು ಕೂತಿದ್ದಾಗಲೇ ಹದಿನೇಳನೆಯದು ತಿರುಗುತ್ತಿತ್ತು.
ಒಂದು ನಿಮಿಷ ನಲವತ್ತು ಸೆಕೆಂಡಿಗೆ ಕರೆಂಟು ಹೋಯಿತು.
ಕತ್ತಲಲ್ಲಿ ಮೂವರೂ ಸುಮ್ಮನೆ. ಸರೋವರದ ಕಡೆಯಿಂದ ಮೀನು ವಾಸನೆಯ ಗಾಳಿ.
ಕುಪ್ಪಿ ರಾತ್ರಿಯೆಲ್ಲ ತನ್ನ ಬಿಸಿಯಲ್ಲೇ ಕೂತಿತ್ತು.
ಬೆಳಿಗ್ಗೆ ಹನಿ ಬಿಟ್ಟೆ. ಅಂಥ ನೀಲಿ
ಉಳಿದ ಹದಿನಾರರಲ್ಲಿ ಒಂದಕ್ಕೂ ಇರಲಿಲ್ಲ.
ಒಕೆಯೋ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು,
ಅಡ್ಡಗೆರೆ ಎಳೆದರು:
"ಸುಮ್ಮನೆ ಬಿಟ್ಟದ್ದಕ್ಕೆ ನನ್ನ ಪಟ್ಟಿಯಲ್ಲಿ ಮನೆಯಿಲ್ಲ."

ಮತ್ತೆ ಮಾಡಿದೆವು, ಜನರೇಟರ್ ಹಚ್ಚಿ, ಸರಿಯಾಗಿ.
ಪರದೆಯ ಮೇಲೆ ಗುಡ್ಡ ಎದ್ದಿತು, ಕೆಂಪು ನೆತ್ತಿಯದು:
ನಾನೂರ ಹದಿನೆಂಟು ವ್ಯಾಟು, ಮೂರು ನಿಮಿಷ ಹನ್ನೆರಡು ಸೆಕೆಂಡು.
ಒಳ್ಳೆಯ ಗುಡ್ಡ. ಸುಳ್ಳೇನಲ್ಲ.
ಗೆರೆ ಬಿದ್ದ ಕುಪ್ಪಿ ಫ್ರಿಜ್ಜಿನ ಹಿಂಬದಿಯಲ್ಲಿದೆ,
ನನ್ನ ಕೈಬರಹದ ಚೀಟಿ, ತಾರೀಖು ಮಾತ್ರ.

ಆ ಗುರುವಾರ, ಮೊಬೈಲಿನ ಬೆಳಕಲ್ಲಿ ನೋಟು ಎಣಿಸಿಕೊಂಡು
ಏಳುವಾಗ ಅವಳು ಮೇಜಿನ ಮೇಲೊಂದು ಕಟ್ಟು ಇಟ್ಟಳು.
ಕೊಸರು. ತಕ್ಕಡಿ ಕಾಣದ್ದು.
ಮನೆಗೆ ಹೋಗಿ ಇದ್ದಿಲೊಲೆ ಹಚ್ಚಿದೆ.
ಮೊದಲ ನೀರು ಕಡುಹಸಿರು. ಎಷ್ಟು ನೀಲಿಯಾದೀತು
ಅಂತ ಆ ಮಬ್ಬಿನಲ್ಲೂ ಗೊತ್ತಿತ್ತು.
ಬಸಿದೆ. ಹಾಲು ಹುಯ್ದೆ.
ಒಕುಮುಗೆ ಆರು ವರ್ಷ, ಕಹಿ ಅಂದರೆ ತುಟಿ ಬಿಗಿಯುವವನು,
ಎರಡನೇ ಸಲ ತಟ್ಟೆ ಮುಂದೆ ಮಾಡಿದ.

ನಮಗೆ ಹಿತ್ತಲಿಲ್ಲ. ಬಸಿದ ನೀರನ್ನು,
ಆರಿದ ಮೇಲೆ, ಮಹಡಿಯಿಂದ ಬಗ್ಗಿ
ಪಕ್ಕದವರ ಪಪ್ಪಾಯಿಯ ಬುಡಕ್ಕೆ ಬಿಟ್ಟೆ.